ಎರಡು ದೀಪ, ನಡುವೆ ರಾಜಶ್ರೀ

ಜಮಖಂಡಿಯಲ್ಲಿ ಒಬ್ಬ ಮನುಷ್ಯ ಏನಾದ, ಎಲ್ಲಿ ಹೋದ, ಇದ್ದಾನೋ ಇಲ್ಲವೋ ಎಂದು ತಿಳಿಯಲು ಯಾರೂ ಅವನ ಮನೆತನಕ ಹೋಗುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಸರ್ಕಲ್ಲಿಗೆ ಹೋಗಿ ತಲೆ ಎತ್ತುತ್ತಾರೆ. ಹುಟ್ಟುಹಬ್ಬ, ಮದುವೆ, ಸೊಸೈಟಿಯ ಡೈರೆಕ್ಟರ್‌ಗಿರಿ, ಕಡೆಗೆ ಸಾವು, ಎಲ್ಲವೂ ಅಲ್ಲಿ ಫ್ಲೆಕ್ಸ್ ಮೇಲೆ ಹತ್ತಿ ನಿಂತಿರುತ್ತವೆ. ಕೆಳಗೆ ಸಾಲುಸಾಲಾಗಿ ಶುಭ ಕೋರುವವರ ಫೋಟೋಗಳು, ಎಲ್ಲರ ಕೈಗಳೂ ಮುಗಿದಿರುತ್ತವೆ. ಫ್ಲೆಕ್ಸ್ ಮೇಲೆ ಬಾರದ ಸಂಗತಿ ನಡೆದಿದೆ ಎಂದು ನಮ್ಮ ಊರು ಒಪ್ಪುವುದಿಲ್ಲ.

ನಾನು, ಗಿರಿಮಲ್ಲಪ್ಪ, ನೀರಾವರಿ ಆಫೀಸಿನ ಗುಮಾಸ್ತ. ಇಷ್ಟು ವರ್ಷ ನೌಕರಿ ಮಾಡಿಯೂ ಒಂದೇ ಒಂದು ಫ್ಲೆಕ್ಸಿನ ಮೂಲೆಯಲ್ಲಾದರೂ ಕೈ ಮುಗಿದು ನಿಂತವನಲ್ಲ. ಅದರ ಬಗ್ಗೆ ನನಗೆ ದುಃಖವೂ ಇರಲಿಲ್ಲ, ಪಕ್ಕದ ಟೇಬಲ್ಲಿನ ಗೂಳಪ್ಪನ ಮಗನಿಗೆ ಡಾಕ್ಟರಿಕಿ ಸೀಟು ಸಿಗುವವರೆಗೆ. ಸೀಟು ಸಿಕ್ಕ ಮರುದಿನವೇ ಗೂಳಪ್ಪ ಸರ್ಕಲ್ಲಿನಲ್ಲಿ ಮಗನನ್ನು ಏರಿಸಿದ. ಅಂದಿನಿಂದ ದಿನಾ ಆಫೀಸಿಗೆ ಬಂದ ಕೂಡಲೇ ನನ್ನನ್ನೇ ಕೇಳುತ್ತಿದ್ದ: "ಗಿರಿಮಲ್ಲಪ್ಪನವರ, ಬರೂವಾಗ ಸರ್ಕಲ್ ಮ್ಯಾಲೆ ಹಾದು ಬಂದ್ರೇನು?" ಆಫೀಸಿಗೆ ಬೇರೆ ದಾರಿ ಇಲ್ಲ. ಅದು ಅವನಿಗೂ ಗೊತ್ತು.

ನನಗಿರುವುದು ಒಬ್ಬಳೇ ಮಗಳು, ರಾಜಶ್ರೀ. ಪಿಯುಸಿ ಮುಗಿಸಿ, ಗ್ರಾಫಿಕ್ ಡಿಸೈನ್ ಎಂಬುದನ್ನು ಡಿಗ್ರಿಯಾಗಿ ಓದುತ್ತೇನೆ ಎಂದಳು. ಪ್ರವೇಶ ಪರೀಕ್ಷೆ ಬರೆದಳು. ಪುಣೆಯ ಒಂದು ಕಾಲೇಜು, ಬೆಂಗಳೂರಿನ ಒಂದು ಕಾಲೇಜು, ಎರಡೂ ಕಡೆ ಸೀಟು ಕೊಟ್ಟರು. ಯಾವುದು ಎಂದು ಆರಿಸಿಕೊಳ್ಳುವುದಷ್ಟೇ ಬಾಕಿ. ಹುಡುಗಿ ಕಂಪ್ಯೂಟರ್ ಮುಂದೆ ಕೂತು ಎರಡೂ ಕಡೆ ಏನೇನು ಕಲಿಸುತ್ತಾರೆ ಎಂದು ವಾರಗಟ್ಟಲೆ ತೂಗಿ ನೋಡಿದಳು.

ಅಷ್ಟರಲ್ಲಿ ಓಣಿಯವರಿಗೆ ಇದು ಏನು ಓದು ಎಂದು ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬನಹಟ್ಟಿಯಲ್ಲಿ ಮಗ್ಗ ಇಟ್ಟುಕೊಂಡಿರುವ, ನಮ್ಮ ಎದುರುಮನೆಯ ಕರೆಪ್ಪ ಕೇಳಿದ: "ಡಿಸೈನ್ ಅಂದ್ರ ಸೀರಿ ಸೆರಗಿಂದೇನ್ರಿ? ಅದಕ್ಕ ಪುಣೆಕ್ಯಾಕ ಹೋಗಬೇಕು? ನಮ್ಮ ಮಗ್ಗಕ ಕಳಸ್ರಿ, ಒಂದು ತಿಂಗಳದಾಗ ಕಲಿಸಿ ಕೊಡ್ತೇನಿ."

"ಸೀರಿಂದಲ್ಲರಿ, ಗ್ರಾಫಿಕ್," ಎಂದೆ.

"ಹಂಗಂದ್ರ?"

ಹಾಗಂದರೆ ಏನೆಂದು ನನಗೂ ಗೊತ್ತಿರಲಿಲ್ಲ. "ನೋಡೂದು ಹ್ಯಾಂಗ ಕಾಣಬೇಕು, ಅದರದು," ಎಂದೆ. ಕರೆಪ್ಪ ತಲೆ ಅಲ್ಲಾಡಿಸಿ, "ಕನ್ನಡಕದ್ದು ಅನ್ರಿ ಹಂಗಾರ," ಎಂದು ಹೋದ.

ಗುರುವಾರ ಗೂಳಪ್ಪ ಮತ್ತೆ ಸರ್ಕಲ್ಲಿನ ಸುದ್ದಿ ತೆಗೆದ. ನನಗೆ ಎಲ್ಲಿತ್ತೋ ಸಿಟ್ಟು, ಮಧ್ಯಾಹ್ನದ ಊಟ ಬಿಟ್ಟು ನೇರವಾಗಿ ಬಾಳೇಶನ ಫ್ಲೆಕ್ಸ್ ಅಂಗಡಿಗೆ ನಡೆದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಶನಿವಾರ ಮುಂಜಾನೆ ಮಗಳ ಕೈ ಹಿಡಿದು ಸರ್ಕಲ್ಲಿಗೆ ಕರೆದುಕೊಂಡು ಹೋಗಿ, "ಮ್ಯಾಲೆ ನೋಡು ಯವ್ವಾ," ಎಂದು ಹೇಳಬೇಕೆಂಬ ಆಸೆ.

ಬಾಳೇಶ ಭಾಳ ಭರಭರಾಟೆಯ ಮನುಷ್ಯ. "ಯಾವ ಊರ ಕಾಲೇಜರಿ ಸರ?" ಎಂದು ಕೇಳಿದ.

"ಪುಣೆ ಇಲ್ಲಾ ಬೆಂಗಳೂರು. ಇನ್ನೂ ನಕ್ಕಿ ಆಗಿಲ್ಲ."

"ಪುಣೆದು ಚಿತ್ರ ನನ್ನ ಕಡೆ ಇಲ್ರಿ. ಬೆಂಗಳೂರಂದ್ರ ವಿಧಾನಸೌಧ ರೆಡಿ ಐತಿ. ಹಿಂದ ಹಚ್ಚಿ ಬಿಟ್ರ ಖದರ ಬೇರೇನ ಬರ್ತೈತಿ."

ನಾನು ಒಂದು ಗಳಿಗೆ ವಿಚಾರ ಮಾಡಿದೆ. ವಿಧಾನಸೌಧ ಇದ್ದ ಮೇಲೆ ಬೆಂಗಳೂರೇ ಇರಲಿ ಎಂದೆ. ನನ್ನ ಮಗಳ ಡಿಗ್ರಿಯ ಊರು ಹೀಗೆ ಬಾಳೇಶನ ಕಂಪ್ಯೂಟರಿನಲ್ಲಿ ಯಾವ ಚಿತ್ರ ಇದೆ ಎಂಬುದರ ಮೇಲೆ ಗೊತ್ತಾಯಿತು.

ಮಗಳ ಫೋಟೋ ಬೇಕಲ್ಲ. ಕೇಳಿದರೆ ಗುಟ್ಟು ರಟ್ಟಾಗುತ್ತದೆ ಎಂದು ಮನೆಗೆ ಹೋಗಿ ಕಪಾಟಿನಿಂದ ಹಾಲ್‌ಟಿಕೆಟ್ಟಿನ ಝೆರಾಕ್ಸ್ ತಂದುಕೊಟ್ಟೆ. ಅದರಲ್ಲಿ ಅವಳು ಗಣಿತದ ಪೇಪರು ಕೈಗೆ ಬಂದ ಮುಖದಲ್ಲಿ ಕೂತಿದ್ದಾಳೆ. ಬಾಳೇಶ ಅದನ್ನು ಹಿಗ್ಗಿಸಿ ಹಿಗ್ಗಿಸಿ ಬೂದಿಯ ಬಣ್ಣ ಬರುವವರೆಗೆ ಹಿಗ್ಗಿಸಿದ. "ಸುತ್ತ ಗುಂಡನ್ನ ಚೌಕಟ್ಟು ಹಾಕ್ತೇನ್ರಿ, ಹೂವಿಂದು," ಎಂದ. ಹಾಕು ಎಂದೆ. ವಿದ್ಯೆ ಎಂದರೆ ಬೆಳಕು, ಆಚೆ ಒಂದು ಈಚೆ ಒಂದು ದೀಪ ಇಡು ಎಂದು ಹೇಳಿದವನು ನಾನೇ. ಶುಭ ಕೋರುವವರ ಫೋಟೋ ತರಲು ಹೋಗುವ ಕೆಲಸವೇ ಬೀಳಲಿಲ್ಲ. ಇಡೀ ತಾಲೂಕಿನವರು ಕೈ ಮುಗಿದುಕೊಂಡು ಅವನ ಕಂಪ್ಯೂಟರಿನಲ್ಲಿ ಮೊದಲೇ ನಿಂತಿದ್ದರು. ನನ್ನ ಹೆಂಡತಿಯ ತಮ್ಮ, ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ವೀರೇಶ ಕೂಡ ಸಿಕ್ಕ. ಅವರಪ್ಪ ತೀರಿಕೊಂಡಾಗಿನ ಫ್ಲೆಕ್ಸಿಗೆ ತೆಗೆಸಿದ ಫೋಟೋ, ಕಣ್ಣು ಕೆಂಪಗಿವೆ.

ಇನ್ನು ಬರಹ. ಅದನ್ನು ನಾನು ನಿಂತು ಹೇಳಿ ಬರೆಸಿದೆ: ನಮ್ಮೂರಿನ ಹೆಮ್ಮೆಯ ಕುವರಿಯು ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ ರಾಜಧಾನಿಯಲ್ಲಿ ಗ್ರಾಫಿಕ್ ಡಿಸೈನ್ ಎಂಬ ಅಪರೂಪದ ವಿಷಯದಲ್ಲಿ, ಹೀಗೆ ಸಾಗಿತ್ತು. "ಇಷ್ಟು ಹಿಡಿಯೂದಿಲ್ರಿ ಸರ," ಎಂದ ಬಾಳೇಶ. ಒಂದು ಅಕ್ಷರವನ್ನೂ ಬಿಡಬೇಡ ಎಂದೆ. ಅವನು ಬಿಡಲಿಲ್ಲ, ಎಲ್ಲವನ್ನೂ ಕೋಳಿಗೆ ಹಾಕುವ ನುಚ್ಚಿನಷ್ಟು ಸಣ್ಣದು ಮಾಡಿ ಕೆಳಗೆ ಚೆಲ್ಲಿದ. ದೊಡ್ಡದಾಗಿ ಉಳಿದದ್ದು ಹೆಸರು, ಫೋಟೋದ ಎಡಕ್ಕೆ ಹುಟ್ಟಿದ ತಾರೀಖು, ಬಲಕ್ಕೆ ಕಾಲೇಜು ಸುರುವಾಗುವ ತಾರೀಖು.

ಶುಕ್ರವಾರ ಸಂಜೆ ಊಟಕ್ಕೆ ಕೂತಾಗ ರಾಜಶ್ರೀ ಬಾಯಿ ಬಿಟ್ಟಳು. "ಅಪ್ಪಾ, ನಾ ಪುಣೆ ನಕ್ಕಿ ಮಾಡೇನಿ."

ನನ್ನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. "ಬೆಂಗಳೂರಿಗೇನಾಗೇತಿ?"

"ಏನೂ ಆಗಿಲ್ಲ. ಪುಣೆದಾಗ ಅಕ್ಷರದ ಆಕಾರ ಕಲಸ್ತಾರ. ಕನ್ನಡದ್ದೂ ಮಾಡಬಹುದಂತ. ನಾ ಅದಕ್ಕ ಅಂತನ ಪರೀಕ್ಷೆ ಬರದಿದ್ದೆ. ಬೆಂಗಳೂರಿನ ಕಾಲೇಜದಾಗ ಅದು ಇಲ್ಲ. ನಾಳೆ ಐದರೊಳಗ ಒಪ್ಪಿಗಿ ಕೊಡಬೇಕು. ಈಗ ಕೊಡ್ಲ್ಯಾ? ನಿನ್ನ ಫೋನಿಗೆ ಓಟಿಪಿ ಬರ್ತೈತಿ, ಹೇಳು."

ನನ್ನ ಕಣ್ಣ ಮುಂದೆ ವಿಧಾನಸೌಧ ಸುಳಿಯಿತು. "ತಡಿ ಯವ್ವಾ," ಎಂದೆ. "ಹೊತ್ತು ಮುಳಗೇತಿ. ನಾಳೆ ಸಾವಕಾಶ ಮಾಡೂಣು."

ಒಳಗೆ ಹೋಗಿ ಬಾಳೇಶನಿಗೆ ಫೋನು ಹಚ್ಚಿದೆ. ಮುಧೋಳದ ಯಾವನೋ ಪುಢಾರಿಯ ಹುಟ್ಟುಹಬ್ಬದ ಗಡಿಬಿಡಿಯಲ್ಲಿದ್ದ, ಎತ್ತಲಿಲ್ಲ.

ಶನಿವಾರ ಮುಂಜಾನೆ ಹಾಲು ತರುತ್ತೇನೆಂದು ಹೇಳಿ ಸರ್ಕಲ್ಲಿಗೆ ಓಡಿದೆ. ಅಲ್ಲಿ ಒಂದು ದೊಡ್ಡ ಶ್ರದ್ಧಾಂಜಲಿಯ ಫ್ಲೆಕ್ಸ್ ಏರಿತ್ತು. ಅದನ್ನು ನೋಡುತ್ತಲೇ ನನ್ನ ಕಾಲು ಚಪ್ಪಲಿ ಬಿಟ್ಟವು, ಕೈ ತಾವಾಗಿ ಮುಗಿದವು. "ಯಾರ ಮನಿ ಕೂಸೋ ಪಾಪ, ಇನ್ನೂ ಸಣ್ಣ ವಯಸ್ಸು," ಎಂದು ಮರುಗಿ ಎರಡು ಹೆಜ್ಜೆ ಮುಂದೆ ಹೋದೆ. ಆಮೇಲೆ ಆ ಮೂಗು ನಮ್ಮ ಮನೆತನದ್ದಲ್ಲವೇ ಅನ್ನಿಸಿತು. ಹೊರಳಿ ನೋಡಿದೆ. ಎರಡು ದೀಪಗಳ ನಡುವೆ, ಹೂವಿನ ಚೌಕಟ್ಟಿನೊಳಗೆ, ಬೂದಿ ಬಣ್ಣದಲ್ಲಿ ನನ್ನ ಮಗಳು. ಹಿಂದೆ ಮಸುಕಾಗಿ ವಿಧಾನಸೌಧ, ಕೆಳಗೆ ಕೈ ಮುಗಿದ ಬಂಧುಬಳಗ. ನಾನು ಹೇಳಿ ಬರೆಸಿದ ನುಚ್ಚನ್ನು ಓದಬೇಕಾದರೆ ಕಂಬ ಹತ್ತಬೇಕಿತ್ತು. ನಮ್ಮ ಊರಿನಲ್ಲಿ ಕಂಬ ಹತ್ತಿ ಓದುವವರು ಯಾರು?

ಹಾಲು ಮರೆತು ಮನೆಗೆ ಬರುವಷ್ಟರಲ್ಲಿ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಕರೆಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೂರು ಮಂದಿಗೆ ಹೇಳುತ್ತಿದ್ದ: "ಪಾಪ, ದುಃಖದ ಗಡಿಬಿಡ್ಯಾಗ ತಾರೀಖು ಸೈತ ತಪ್ಪಿ ಮುಂದಿನ ತಿಂಗಳದ್ದು ಹಾಕ್ಯಾರ." ನನ್ನನ್ನು ಕಂಡವನೇ ಎರಡೂ ಕೈ ಹಿಡಿದುಕೊಂಡ. "ಗಟ್ಟಿ ಆಗ್ರಿ."

"ಏನೂ ಆಗಿಲ್ಲರಿ, ಆಕಿ ಒಳಗ ಅದಾಳ," ಎಂದೆ.

"ಹೌದ್ರಿ, ಹೌದ್ರಿ. ಆಕಿ ಎಲ್ಲೂ ಹೋಗಿಲ್ಲ, ಇಲ್ಲೇ ಅದಾಳ ಅಂತ ತಿಳಕೋಬೇಕು," ಎಂದು ಕರೆಪ್ಪ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಸಾವಳಗಿಯಿಂದ ನನ್ನ ಅಕ್ಕ ಭಾಗವ್ವ ಬಂದಳು. ಟಂಟಂ ರಿಕ್ಷಾ ಇನ್ನೂ ನಿಂತಿರಲಿಲ್ಲ, ಓಣಿಯ ತುದಿಯಿಂದಲೇ ಹಾಡಿಕೊಂಡು ಅಳುತ್ತ ಬಂದಳು: "ನನ್ನ ಬಂಗಾರದಂಥಾ ಸೊಸಿಯಾಗಾಕಿ ಇದ್ಯಲ್ಲ ಯವ್ವಾ, ಯಾರ ಕಣ್ಣು ಬಿತ್ತ ಯವ್ವಾ!" ಹಿಂದೆ ಆರು ಮಂದಿ ಹೆಂಗಸರು. ಸದ್ದು ಕೇಳಿ ರಾಜಶ್ರೀ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಾಗಿಲಿಗೆ ಬಂದಳು. "ಯಾಕ ಅತ್ತಿ, ಯಾರು ಹೋದ್ರು?"

ಭಾಗವ್ವ ಅಲ್ಲೇ ಕಟ್ಟೆಯ ಮೇಲೆ ಕುಸಿದಳು. ನೀರು ಚಿಮುಕಿಸಿ ಎಬ್ಬಿಸಿದೆವು. ಎದ್ದವಳು ಮೊದಲು ಹುಡುಗಿಯ ಕೆನ್ನೆ ಮುಟ್ಟಿ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. "ಗಿರಿಮಲ್ಲ್ಯಾ, ಜೀವಂತ ಅದಾಳಂದ್ರ ದೀಪ ಯಾಕ ಹಚ್ಚಿದ್ಯೋ ಹಾಟ್ಯಾ? ಆರು ಮಂದಿ ಕರಕೊಂಡ ಬಂದೇನಿ. ಅವರ ಮುಂದ ನನ್ನ ಮಾರಿ ಏನು ಉಳೀತು?" ಬಂದ ಹೆಂಗಸರು ಅತ್ತೂ ಆಗದೆ ನಕ್ಕೂ ಆಗದೆ ನಿಂತಿದ್ದರು. ನನ್ನ ಹೆಂಡತಿ ಶ್ರೀದೇವಿ ಅವರಿಗೆ ಚಹಾ ಇಟ್ಟಳು. ಸಾವಿನ ಮನೆಯಲ್ಲಿ ಚಹಾ ಕುಡಿಯಬಾರದೆಂದು ಒಬ್ಬಾಕೆ ಬೇಡವೆಂದಳು.

ರಾಜಶ್ರೀ ಸೈಕಲ್ ತೆಗೆದುಕೊಂಡು ಹೋಗಿ ಫ್ಲೆಕ್ಸ್ ನೋಡಿ ಬಂದಳು. ನಾನು ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವಳು ಬೈಯಲಿಲ್ಲ. "ಅಪ್ಪಾ, ಬೆಂಗಳೂರು ಅಂತ ಯಾಕ ಹಾಕಿಸಿದಿ?" ಎಂದು ಅದೊಂದನ್ನೇ ಕೇಳಿದಳು. ಊರಿಗೆ ಊರೇ ಸತ್ತಳೆಂದು ಅಳುತ್ತಿದ್ದರೆ ಇವಳಿಗೆ ಊರಿನ ಹೆಸರಿನ ಚಿಂತೆ.

ಫ್ಲೆಕ್ಸ್ ಇಳಿಸಬೇಕೆಂದು ಹೊರಟೆ. ಬಾಳೇಶನ ಏಣಿ ಮುಧೋಳಕ್ಕೆ ಹೋಗಿತ್ತು. ಸರ್ಕಲ್ಲಿನಲ್ಲಿ ಪರವಾನಗಿ ಇಲ್ಲದ ಫ್ಲೆಕ್ಸ್ ತೆಗೆಸುವ ನಗರಸಭೆಯ ಸಾಹೇಬರೊಬ್ಬರು ಜೀಪು ನಿಲ್ಲಿಸಿಕೊಂಡು ಉಳಿದವನ್ನೆಲ್ಲ ಹರಿದು ಹಾಕಿಸುತ್ತಿದ್ದರು. ನನಗೆ ಹೋದ ಜೀವ ಬಂದಂತಾಯಿತು. "ಸಾಹೇಬರ, ಇದನ್ನೂ ತಗಸ್ರಿ. ಪರವಾನಗಿ ತಗೊಂಡಿಲ್ಲ."

"ನೀವು ಯಾರು?"

"ಆಕಿ ತಂದಿ."

ಸಾಹೇಬರು ಟೊಪ್ಪಿಗೆ ತೆಗೆದರು. "ನಾವೂ ಮಕ್ಕಳೊಂದಿಗರರಿ. ಎಲ್ಲಾ ತಗಸೇವಿ, ಇದಕ್ಕ ಮಾತ್ರ ಕೈ ಹಚ್ಚಿಲ್ಲ. ದಿನಕರ್ಮ ಮುಗಿಯೂತನಕ ಇರಲಿ."

"ಆಕಿ ಸತ್ತಿಲ್ಲರಿ!"

ಸಾಹೇಬರು ನನ್ನ ಬೆನ್ನ ಮೇಲೆ ಕೈ ಆಡಿಸಿ ಡ್ರೈವರನಿಗೆ ಕಣ್ಸನ್ನೆ ಮಾಡಿದರು. ನನ್ನನ್ನು ಜೀಪಿನಲ್ಲಿ ಕೂರಿಸಿ ಮನೆಗೆ ಬಿಟ್ಟುಹೋದರು. ದಾರಿಯಲ್ಲಿ ರಾಜಶ್ರೀ ಪಿಯುಸಿ ಓದಿದ ಕಾಲೇಜಿನ ಹುಡುಗರು ಕುಣಿಯುತ್ತ ಎದುರಾದರು. ಎರಡು ನಿಮಿಷ ಮೌನ ಆಚರಿಸಿ ರಜೆ ಕೊಟ್ಟಿದ್ದರಂತೆ.

ಮನೆಗೆ ಬಂದರೆ ಗೂಳಪ್ಪ ಹಾರ ಹಿಡಿದು ನಡುಮನೆಯಲ್ಲಿ ಕೂತಿದ್ದ, ಅವನ ಪಕ್ಕದಲ್ಲಿ ಮಹಾಲಿಂಗಪುರದ ವೀರೇಶ. ಹುಡುಗಿ ಜೀವಂತ ಇದ್ದಾಳೆ, ಇದು ಅಭಿನಂದನೆಯ ಫ್ಲೆಕ್ಸ್ ಎಂದು ಅವರಿಗೆ ಮನದಟ್ಟಾದ ಮೇಲೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲೇ ಖರೆ ಜಗಳ ಹತ್ತಿತು.

"ಭಾವಾರ," ಎಂದ ವೀರೇಶ, "ಸಾವಿಂದು ಅಂತ ತಿಳದು ಮೂರನೇ ಸಾಲು ಸಹಿಸಿಕೊಂಡಿದ್ದೆ. ಸಂತೋಷದ್ದಂದ್ರ ಸ್ವಂತ ಸ್ವಾದರಮಾವ ನಾ ಮೂರನೇ ಸಾಲಿನ್ಯಾಗ, ಈ ಗೂಳಪ್ಪನವರು ಒಂದನೇ ಸಾಲಿನ್ಯಾಗ. ಇದು ಯಾವ ನ್ಯಾಯ?"

"ನನ್ನ ಫೋಟೋ ಛಲೋ ಬಂದೈತಿ ಬಿಡ್ರಿ," ಎಂದ ಗೂಳಪ್ಪ. ತಂದ ಹಾರವನ್ನು ಏನು ಮಾಡುವುದೆಂದು ತಿಳಿಯದೆ ರಾಜಶ್ರೀಯ ಕೊರಳಿಗೇ ಹಾಕಿದ. ಭಾಗವ್ವ ಕಿರುಚಿ ಅದನ್ನು ಕಿತ್ತು ಬಿಸಾಡಿದಳು.

"ನಾ ಬೆಂಗಳೂರಿಗೆ ಹೋಗೂದಿಲ್ಲ," ಎಂದಳು ರಾಜಶ್ರೀ. "ಪುಣೆಕ ಹೋಗ್ತೇನಿ."

ಗೂಳಪ್ಪ ಗಂಟಲು ಸರಿಮಾಡಿಕೊಂಡ. "ಹಂಗ ಹ್ಯಾಂಗ ಆಗ್ತೈತಿ ತಂಗಿ? ನಾವಿಷ್ಟೂ ಮಂದಿ ಸರ್ಕಲ್ ಮ್ಯಾಲೆ ನಿಂತು ಕೈ ಮುಗದು ಬೆಂಗಳೂರು ಅಂತ ಹೇಳಾಕತ್ತೇವಿ. ನೀ ಪುಣೆಕ ಹ್ವಾದ್ರ ನಾವು ಸುಳ್ಳರು ಆದಂಗಲ್ಲೇನು?"

"ಖರೆ ಐತಿ," ಎಂದ ಕರೆಪ್ಪ, "ಫ್ಲೆಕ್ಸ್ ಬದಲ ಮಾಡೂಕಿಂತ ಊರು ಬದಲ ಮಾಡೂದು ಸಸಾರ." ಅಪಶಕುನ ಆಗಿದೆ, ಈ ವರ್ಷ ಎಲ್ಲಿಯೂ ಕಳಿಸಬಾರದು ಎಂದಳು ಭಾಗವ್ವ. ನನ್ನ ಅಭಿಪ್ರಾಯ ಕೇಳಿದರು. "ಎಲ್ಲಾರೂ ಹೇಳೂದರಾಗ ಒಂದು ಅರ್ಥ ಐತಿ," ಎಂದೆ. ರಾಜಶ್ರೀ ನನ್ನನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದಳು.

ಇಷ್ಟೂ ಹೊತ್ತು ನನ್ನ ಫೋನು ಒಂದೇ ಸವನೆ ಬಡಿದುಕೊಳ್ಳುತ್ತಿತ್ತು. ಬೀಳಗಿಯಿಂದ, ರನ್ನ ಬೆಳಗಲಿಯಿಂದ, ಎಂದೋ ವರ್ಗವಾಗಿ ಹೋದ ಸಾಹೇಬರಿಂದ ಸಾಂತ್ವನ. "ಇಲ್ರಿ, ಅದಾಳರಿ," ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಫೋನನ್ನು ವೀರೇಶನಿಗೆ ಕೊಟ್ಟು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತೆ. ಜೀವನ ಸಾಕಾಗಿತ್ತು.

ರಾಜಶ್ರೀ ಹಿತ್ತಲಿಗೆ ಬಂದಾಗ ಗಡಿಯಾರದಲ್ಲಿ ಐದಕ್ಕೆ ಹದಿನೈದು ನಿಮಿಷ ಇತ್ತು. ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. "ಅಪ್ಪಾ, ಕಾಲು ಬೀಳ್ತೇನಿ. ಮಂದಿ ಏನರ ಅನ್ನಲಿ. ನನಗ ಪುಣೆ ಬೇಕು."

ಅವಳು ಸಣ್ಣವಳಿದ್ದಾಗಲೂ ಹೀಗೆ ಏನನ್ನೂ ಬೇಡಿದ ನೆನಪು ನನಗಿಲ್ಲ. "ಆತು ಯವ್ವಾ," ಎಂದೆ. "ಸುಡುಗಾಡಿಗೆ ಹೋಗಲಿ ಆ ಫ್ಲೆಕ್ಸ್. ಕೊಡು ಒಪ್ಪಿಗಿ." ಇಡೀ ದಿನದಲ್ಲಿ ನಾನು ಆಡಿದ ನೆಟ್ಟಗಿನ ಮಾತು ಅದೊಂದೇ.

ಅವಳು ಓಡಿಹೋಗಿ ಕಂಪ್ಯೂಟರಿನಲ್ಲಿ ಒತ್ತಿದಳು. "ಓಟಿಪಿ ಕಳಸ್ಯಾರ. ಫೋನು ಕೊಡು."

ಫೋನು ವೀರೇಶನ ಕಡೆ. ವೀರೇಶ ಎಲ್ಲಿ? ಮೂರನೇ ಸಾಲಿನ ಸಿಟ್ಟಿಗೆ ಊಟವನ್ನೂ ಮಾಡದೆ ಮಹಾಲಿಂಗಪುರಕ್ಕೆ ಬೈಕ್ ಹತ್ತಿ ಹೋಗಿದ್ದ, ನನ್ನ ಫೋನನ್ನು ಕಿಸೆಯಲ್ಲಿಟ್ಟುಕೊಂಡು. ಶ್ರೀದೇವಿಯ ಫೋನಿನಿಂದ ಅವನಿಗೆ ಹಚ್ಚಿದೆವು. ನಾಲ್ಕನೇ ಸಲಕ್ಕೆ ಎತ್ತಿದ.

"ಮಾಮಾ, ಅಪ್ಪನ ಫೋನಿಗೆ ಓಟಿಪಿ ಬಂದೈತಿ, ಲಗೂನ ಹೇಳು!"

"ಅದನ್ನ ಬಂದ್ ಮಾಡಿ ಇಟ್ಟೇನಿ ತಂಗಿ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾತು. ತಡಿ, ಗಾಡಿ ಬಾಜೂಕ ಹಚ್ಚತೇನಿ." ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಅವನ ಪಕ್ಕದಲ್ಲೇ ಹಾದುಹೋಯಿತು. ಅದು ಹೋಗುವವರೆಗೆ ನಾವೂ ಹಾಡು ಕೇಳಿದೆವು. "ಹಾಂ, ಚಾಲೂ ಆತು. ಅಯ್ಯಯ್ಯ, ಎಷ್ಟು ಮೆಸೇಜಪಾ! ಎಲ್ಲಾರೂ ಆತ್ಮಕ್ಕ ಶಾಂತಿ ಅಂದಾರ."

"ಅವನ್ನ ಬಿಡು ಮಾಮಾ, ಓಟಿಪಿ ನೋಡು!"

"ಬಂತು ನೋಡು. ಐದು, ಎರಡು, ಒಂಬತ್ತು, ಎಂಟು."

"ಆರು ಅಂಕಿ ಇರಬೇಕು."

"ನಾಕ ಅದಾವ. ಮುಂದ ಎರಡು ಸೊನ್ನಿ ಹಚ್ಚು."

ಗಾಬರಿಯಲ್ಲಿ ಹುಡುಗಿ ಎರಡು ಸೊನ್ನೆ ಹಚ್ಚಿದಳು. ತಪ್ಪು ಎಂದಿತು ಕಂಪ್ಯೂಟರು. "ಅದು ಗ್ಯಾಸ್ ಸಿಲಿಂಡರದ್ದು ಇದ್ದಂಗ ಐತಿ," ಎಂದ ವೀರೇಶ ಸಾವಕಾಶವಾಗಿ. "ಇನ್ನೊಂದು ಐತಿ, ಬರಕೋ." ಅವಳು ಬರೆದುಕೊಂಡು ಹಾಕಿದಳು. ಅದು ಮೊದಲು ಕಳಿಸಿದ್ದು, ಅವಧಿ ಮುಗಿದಿತ್ತು. ಮತ್ತೆ ಕಳಿಸಲು ಒತ್ತಿದಳು. ಅದು ಬರುವಷ್ಟರಲ್ಲಿ ಬೀಳಗಿಯ ನೆಂಟರು ನನ್ನ ಫೋನಿಗೆ ಹಚ್ಚಿದರು. ವೀರೇಶ ಅವರದನ್ನು ಎತ್ತಿ, "ಅದಾಳರಿ, ಆರಾಮ ಅದಾಳ," ಎಂದು ಪೂರ್ತಿ ವಿವರ ಹೇಳಿ, ಅವರ ಮನೆಯವರ ಯೋಗಕ್ಷೇಮ ಕೇಳಿ ಇಟ್ಟ. ಆಮೇಲೆ ಆರು ಅಂಕಿಗಳನ್ನು ಸ್ಪಷ್ಟವಾಗಿ, ಒಂದೂ ತಪ್ಪದೆ ಹೇಳಿದ.

ಐದು ದಾಟಿ ಎರಡು ನಿಮಿಷವಾಗಿತ್ತು. ನಿಮ್ಮ ಸೀಟು ಮುಂದಿನ ಅಭ್ಯರ್ಥಿಗೆ ಹೋಗಿದೆ ಎಂದು ಕಂಪ್ಯೂಟರು ತೋರಿಸಿತು.

ಬೆಳಗಿನಿಂದ ಇಡೀ ತಾಲೂಕು ಅತ್ತಿದ್ದರೂ ಅಳದ ಹುಡುಗಿ ಆಗ ಅತ್ತಳು. ಸದ್ದಿಲ್ಲದೆ, ಮೇಜಿನ ಮೇಲೆ ತಲೆಯಿಟ್ಟು. ಭಾಗವ್ವ ಬಂದು ಬೆನ್ನು ಸವರಿದಳು. "ಹುಚ್ಚಿ, ಜೀವಂತ ಅದೀ, ಸತ್ತವರ ಮನಿಯಾಗ ಅತ್ತಂಗ ಯಾಕ ಅಳ್ತಿ?" ನನಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಹೋಗಿ ಅಡಿಗೆಮನೆಯಲ್ಲಿ ನಿಂತೆ. ಶ್ರೀದೇವಿ ನನ್ನ ಕಡೆ ನೋಡಲಿಲ್ಲ.

ಬೆಂಗಳೂರಿನದಕ್ಕೆ ಬುಧವಾರದವರೆಗೆ ಅವಕಾಶವಿತ್ತು. ಒಪ್ಪಿಗೆ ಕೊಟ್ಟಳು. ಊರಿಗೆಲ್ಲ ಹಬ್ಬವಾಯಿತು. "ನೋಡಿದ್ರ್ಯಾ, ಫ್ಲೆಕ್ಸ್ ಖರೆ ಆತು!" ಎಂದು ಗೂಳಪ್ಪ ಆಫೀಸಿಗೆಲ್ಲ ಪೇಢೆ ಹಂಚಿದ. ಬಾಳೇಶ ಬಂದು, ಫ್ಲೆಕ್ಸಿನ ಖಾಲಿ ಜಾಗದಲ್ಲಿ ವೀರೇಶನ ಫೋಟೋವನ್ನು ದೊಡ್ಡದು ಮಾಡಿ ಅಂಟಿಸಿ ಕೊಟ್ಟ. ವೀರೇಶನ ಸಿಟ್ಟು ಇಳಿಯಿತು. ದೀಪಗಳು ಇದ್ದಲ್ಲೇ ಉರಿಯುತ್ತಿದ್ದವು.

ಬೆಂಗಳೂರಿನ ಬಸ್ಸು ಹತ್ತುವ ದಿನ ರಾಜಶ್ರೀ ಸರ್ಕಲ್ಲಿನಲ್ಲಿ ನಿಂತು ಆ ಫ್ಲೆಕ್ಸಿನದೊಂದು ಫೋಟೋ ಹೊಡೆದುಕೊಂಡಳು. ನೆನಪಿಗೆ ಇರಲೆಂದು ಹೊಡೆದುಕೊಂಡಳು ಎಂದು ತಿಳಿದು ನನಗೆ ಸ್ವಲ್ಪ ಹಗುರಾಯಿತು.

ಮೊದಲನೇ ವಾರ ಮುಗಿದ ಮೇಲೆ ಫೋನು ಮಾಡಿದಳು. ಊಟ ಆಯಿತೇ, ಹಾಸ್ಟೆಲ್ ಹೇಗಿದೆ ಎಂದೆಲ್ಲ ಕೇಳಿದೆ. ಎಲ್ಲದಕ್ಕೂ ಹೂಂ ಎಂದಳು. ಆಮೇಲೆ ತಾನಾಗಿ ಹೇಳಿದಳು.

"ಅಪ್ಪಾ, ಎಲ್ಲಾರೂ ತಮ್ಮ ತಮ್ಮ ಊರಿನ ಒಂದೊಂದು ಫ್ಲೆಕ್ಸ್ ತೋರಸ್ರಿ ಅಂದ್ರು ಮೇಡಂ. ನಾ ನಂದು ಗ್ವಾಡಿಗೆ ಹಚ್ಚಿದೆ. ನೋಡಿದವರೆಲ್ಲಾರೂ ಮೊದಲು ಅದನ್ನ ಕೇಳಿದ್ರು, ಯಾರು ತೀರಿಕೊಂಡಿದ್ದು ಅಂತ."

"ನೀ ಏನಂದಿ?"

"ಪುಣೆ ಅಂದೆ."

ನಾನು ಹಲೋ, ಹಲೋ ಎಂದೆ. ಲೈನು ಚಾಲೂ ಇತ್ತು, ಇಬ್ಬರಿಗೂ ಸರಿಯಾಗಿ ಕೇಳಿಸುತ್ತಿತ್ತು.